ಬೆಲ್ಗಿನ್ ಮದುವೆಗೊಂದು ಕ್ಲಾರಿನೆಟ್

ಮೇ 12, ಸೋಮವಾರ. ಕೇಶಾನ್

ಮಗಳು ಬೆಲ್ಗಿನ್ ಶಾಲೆಯಲ್ಲಿ ಅರ್ಧಕ್ಕೇ ಬಿಟ್ಟಿದ್ದ ಭೂಗೋಳದ ನೋಟ್ ಪುಸ್ತಕವನ್ನು ಸಾನಿಯೆ ನನ್ನ ಚೀಲಕ್ಕೆ ತುರುಕಿದ್ದಾಳೆ. "ಇಸ್ತಾಂಬುಲ್‌ನಲ್ಲಿ ಕೇಳಿದ್ದನ್ನೆಲ್ಲ ಇದ್ರಲ್ಲಿ ಬರ್ಕೋ. ದಿನಾ ಫೋನ್ ಮಾಡಿ ನನ್ನ ತಲೆ ತಿನ್ಬೇಡ" ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಅವಳ ತಲೆ ತಿಂದಿದ್ದರೆ ಅದು ಕ್ಲಾರಿನೆಟ್ಟಿನ ವಿಷಯಕ್ಕೆ ಮಾತ್ರ. ಮಿಕ್ಕೆಲ್ಲ ವಿಷಯಕ್ಕೂ ಅವಳೇ ನನ್ನದನ್ನು ತಿಂದಿರುವುದು. ಇರಲಿ, ಬರೆಯುತ್ತೇನೆ. ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿ ಬಂದಿದ್ದೇನೆ: "ಮಗಳ ಮದುವೆಗೆ ಕ್ಲಾರಿನೆಟ್ ಹುಡುಕಲು ಹೋಗಿದ್ದೇನೆ. ಬರುವವರೆಗೆ ಗಡ್ಡ ಬೆಳೆಸಿಕೊಳ್ಳಿ. ರಹ್ಮಿ."

ಮದುವೆ ಜೂನ್ ಎಂಟಕ್ಕೆ. ನಮ್ಮಲ್ಲಿ ಮದುವಣಗಿತ್ತಿ ಮೊದಲು ಅಪ್ಪನ ಜೊತೆ ಒಂಬತ್ತೇಟಿನ ಕುಣಿತ ಕುಣಿಯಬೇಕು, ಮಿಕ್ಕವರು ಎದ್ದೇಳುವುದು ಆಮೇಲೆ. ಮಗಳದ್ದು ಒಂದೇ ಹಟ.

"ಜೆಮಾಲಿ ಚಿಕ್ಕಪ್ಪ ಊದದೆ ಇದ್ರೆ ನಾನು ಕುಣಿಯೋದೇ ಇಲ್ಲ, ನೋಡ್ತಿರು."

"ಅವನ್ಯಾವ ಸೀಮೆ ಚಿಕ್ಕಪ್ಪ? ಎದುರು ಮನೆಯೋನು."

"ನಾನು ಮೊದಲನೇ ಹೆಜ್ಜೆ ಇಟ್ಟಿದ್ದೇ ಅವರ ಕ್ಲಾರಿನೆಟ್ ಕೇಳ್ಕೊಂಡು ಅಂತ ನೀನೇ ಹೇಳ್ತಿದ್ದೆ."

ಹೇಳುತ್ತಿದ್ದೆ, ನಿಜ. ಅದು ಹಳೇ ಮಾತು. ಜೆಮಾಲಿಯೂ ನಾನೂ ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ತಪ್ಪು ಅವನದೇ. ತರಕಾರಿ ಅಂಗಡಿಯವನ ಮಗನ ಮದುವೆಯಲ್ಲಿ ಅವನು ಒಂಬತ್ತೇಟಿನದು ಊದುತ್ತಿದ್ದ. ಎರಡು, ಎರಡು, ಎರಡು, ಕೊನೆಗೆ ಮೂರು. ಆ ಕೊನೆಯ ಮೂರರಲ್ಲಿ ಒಂದನ್ನು ನುಂಗಿದ. ನಾನು ಕೈ ಎತ್ತಿ ಎದ್ದು ನಿಂತೆ. "ನಿಲ್ಸು ಜೆಮಾಲಿ, ಒಂಬತ್ತನೇದು ಎಲ್ಲೋಯ್ತು?" ಎಂದೆ. ನಾನೂರು ಜನ ಇದ್ದರು. ಅವನು ಕ್ಲಾರಿನೆಟ್ಟನ್ನು ನನ್ನ ಕಡೆ ಚಾಚಿ, "ಹಂಗಾದ್ರೆ ನೀನೇ ಬಂದು ಊದು, ಬಾ" ಎಂದ. ನಾನೂರು ಜನರೂ ನಕ್ಕರು. ನಾನು ಊದಿದರೆ ಏನಾಗುತ್ತದೆಂದು ಕೇಶಾನಿಗೆಲ್ಲ ಗೊತ್ತು. ನಮ್ಮ ಕೇರಿಯಲ್ಲಿ ಗಂಡು ಹುಟ್ಟಿದರೆ ಕೈಗೊಂದು ಕ್ಲಾರಿನೆಟ್ ಕೊಡುತ್ತಾರೆ. ನನಗೂ ಕೊಟ್ಟಿದ್ದರು. ನಾನು ಊದಿದಾಗಲೆಲ್ಲ ಪಕ್ಕದ ಮನೆಯ ಕತ್ತೆ ಉತ್ತರ ಕೊಡುತ್ತಿತ್ತು. ಅಪ್ಪ ಅದನ್ನು ಕಿತ್ತುಕೊಂಡು ಕೈಗೆ ಕ್ಷೌರದ ಕತ್ತಿ ಕೊಟ್ಟ. ಕಿವಿ ಮಾತ್ರ ನನ್ನ ಹತ್ತಿರವೇ ಉಳಿಯಿತು.

ಆ ಮದುವೆಯ ದಿನದಿಂದ ಜೆಮಾಲಿ ಕ್ಷೌರಕ್ಕೆ ಬಸ್ಸು ಹತ್ತಿ ಮಾಲ್ಕಾರಾಕ್ಕೆ ಹೋಗುತ್ತಾನೆ. ನಾನು ಅವನು ಊದುವ ಮದುವೆಗಳಿಗೆ ಹೋದರೆ ಗೋಡೆಯ ಆಚೆ ಬೆನ್ನು ಹಾಕಿ ಕೂರುತ್ತೇನೆ. ಹಬ್ಬದ ದಿನ ಮಾತು ಬಿಟ್ಟವರು ಕೂಡಬೇಕು, ಚಿಕ್ಕವನು ದೊಡ್ಡವನ ಬಾಗಿಲಿಗೆ ಹೋಗಬೇಕು, ಅದು ಪದ್ಧತಿ. ನಾವಿಬ್ಬರೂ ಹುಟ್ಟಿದ್ದು ಒಂದೇ ವರ್ಷ. ಹೆಸರು ಬರೆಸಲು ಹೋದಾಗ ಗುಮಾಸ್ತ ಇಬ್ಬರಿಗೂ ಜನವರಿ ಒಂದು ಎಂದು ಬರೆದು ಕೈ ತೊಳೆದುಕೊಂಡ. ಯಾರು ಚಿಕ್ಕವನು ಎಂದು ಗೊತ್ತಿದ್ದ ಇಬ್ಬರು ತಾಯಂದಿರೂ ತೀರಿಹೋದರು. ಹೀಗೆ ವರ್ಷಕ್ಕೆರಡು ಈದ್‌ನಂತೆ ಇಪ್ಪತ್ತೆರಡು ಹಬ್ಬ ಕಳೆದವು.

ಈ ಮೂರು ತಿಂಗಳಿಂದಂತೂ ಅವನ ಮನೆಯಲ್ಲಿ ಸಾಧನೆಯ ಸದ್ದೂ ಇಲ್ಲ. ಸಂಜೆ ನಾನು ಕಿಟಕಿ ತೆರೆದು ಕೂರುತ್ತೇನೆಂದು ಅವನಿಗೆ ಗೊತ್ತು, ಅದಕ್ಕೇ ಹಟಕ್ಕೆ ನಿಲ್ಲಿಸಿದ್ದಾನೆ. ಎದುರಿಗೆ ಸಿಕ್ಕರೆ ಬಾಯಿಗೆ ಕರವಸ್ತ್ರ ಹಿಡಿದು ಮುಖ ತಿರುಗಿಸುತ್ತಾನೆ, ನನ್ನ ಮೈ ನಾರುತ್ತದೆ ಎನ್ನುವ ಹಾಗೆ. ತಿರುಗಿಸಲಿ. ಇಸ್ತಾಂಬುಲ್‌ನಿಂದ ಎಂಥವನನ್ನು ತರುತ್ತೇನೆ ಎಂದರೆ, ಅವನು ಊದಲು ಶುರುಮಾಡಿದ ಕೂಡಲೇ ಜೆಮಾಲಿ ತನ್ನ ಕಿಟಕಿ ಮುಚ್ಚಿಕೊಳ್ಳಬೇಕು.

ಮೇ 13, ಮಂಗಳವಾರ. ಇಸ್ತಾಂಬುಲ್

ಬೈರಂಪಾಶಾದಲ್ಲಿ ಮುರ್ವೆತ್ ಅಕ್ಕನ ಮನೆ. ಭಾವ ಹೋದಮೇಲೆ ಒಬ್ಬಳೇ ಇದ್ದಾಳೆ. ಅರವತ್ತೆಂಟಾದರೂ ನಾಲಿಗೆಗೆ ವಯಸ್ಸಾಗಿಲ್ಲ. ಬಾಗಿಲು ತೆಗೆದವಳೇ, "ನನ್ನನ್ನ ನೋಡೋಕೆ ಬಂದ್ಯೋ, ಕ್ಲಾರಿನೆಟ್ ಕೇಳೋಕೆ ಬಂದ್ಯೋ?" ಎಂದಳು.

"ಎರಡಕ್ಕೂ ಅಕ್ಕ."

"ಹೋಗೋ. ಕ್ಲಾರಿನೆಟ್ ಇಲ್ಲದೆ ಇದ್ದಿದ್ರೆ ನನ್ನ ಮಣ್ಣಿಗೂ ಬರ್ತಿರ್ಲಿಲ್ಲ ನೀನು."

ಹೀಗೆ ಬೈಯುತ್ತಲೇ ಒಂದು ತಟ್ಟೆ ತುಂಬ ಪಾಲಕ್ ಬೋರೆಕ್ ಇಟ್ಟಳು. ತಿಂದೆ. ಇನ್ನೊಂದು ತಟ್ಟೆ ಇಟ್ಟಳು. ಅದನ್ನೂ ತಿಂದೆ.

ಮೇ 14, ಬುಧವಾರ

ಕುಮ್‌ಕಾಪಿಯ ಮೀನು ಹೋಟೆಲುಗಳ ಬೀದಿ. ಸಂಜೆ ಬಿಸಿಲು ಇಳಿಯುವ ಮೊದಲೇ ಹೋಗಿ ಕೂತೆ. ಒಂದೇ ಬೀದಿಯಲ್ಲಿ ಐದು ಕ್ಲಾರಿನೆಟ್! ಆ ಮೇಜಿನಿಂದ ಈ ಮೇಜಿಗೆ ಊದುತ್ತಾ ಬರುತ್ತಾರೆ, ಹಿಂದೆ ಪಿಟೀಲು, ಹಿಂದೆ ದರ್ಬುಕಾ ಬಡಿಯುವವ. ಎದೆ ತುಂಬಿ ಬಂತು. ಒಂದು ಲೋಟ ರಾಕಿ, ಒಂದು ಹುರಿದ ಮೀನು, ಐದು ಕ್ಲಾರಿನೆಟ್. ಸ್ವರ್ಗದಲ್ಲಿ ಇದಕ್ಕಿಂತ ಹೆಚ್ಚು ಕೊಟ್ಟರೆ ನಾನೇ ಬೇಡ ಎನ್ನುತ್ತೇನೆ.

ಈಗ ಕೆಲಸದ ಮಾತು. ಮೊದಲನೆಯವನು ಊದುವಾಗ ಭುಜ ಕುಣಿಸುತ್ತಾನೆ, ಬೆರಳು ಕುಣಿಯುವುದಿಲ್ಲ. ಎರಡನೆಯವನು ಪ್ರತಿ ಸ್ವರವನ್ನೂ ನಡುಗಿಸುತ್ತಾನೆ, ಚಳಿ ಜ್ವರ ಬಂದವನ ಹಾಗೆ. ಮೂರನೆಯವನು ಪರವಾಗಿಲ್ಲ, ಆದರೆ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ಜೆಮಾಲಿ ಎಲ್ಲಿ ಉಸಿರು ಎಳೆದುಕೊಳ್ಳುತ್ತಾನೆಂದು ಐವತ್ತು ವರ್ಷ ಕೇಳಿದ ನನಗೂ ಗೊತ್ತಾಗಿಲ್ಲ. ನಾಲ್ಕನೆಯವನು ನನ್ನ ಕಿವಿಗೆ ಬಗ್ಗಿ ಮಂದ್ರದಲ್ಲಿ ಊದಿದ. ಮೈ ಜುಮ್ಮೆಂದಿತು. ಕಣ್ಣು ಬಿಟ್ಟು ನೋಡಿದರೆ ಅವನು ಪಕ್ಕದ ಮೇಜಿನ ಹುಡುಗಿಯರನ್ನು ನೋಡುತ್ತಿದ್ದ. ಐದನೆಯವನು ಊದುವ ಹೊತ್ತಿಗೆ ನನಗೆ ಮೀನಿನ ಮುಳ್ಳು ಸಿಕ್ಕಿಕೊಂಡಿತು.

ಜೆಮಾಲಿಯ ಹೆಸರನ್ನು ಇಲ್ಲಿ ಮತ್ತೆ ಬರೆಯಬಾರದಿತ್ತು. ಹೊಡೆದುಹಾಕಿದರೆ ಪುಟ ಗಲೀಜಾಗುತ್ತದೆ.

ಮೇ 16, ಶುಕ್ರವಾರ

ಅಕ್ಕನೇ ಟಿಕೆಟ್ ತಂದಿದ್ದಳು. ದೊಡ್ಡ ಸಭಾಂಗಣ, ಕೆಂಪು ಕುರ್ಚಿ, ಎಲ್ಲರೂ ಮಾವನ ಮನೆಗೆ ಬಂದ ಹೊಸ ಅಳಿಯಂದಿರ ಹಾಗೆ ನೆಟ್ಟಗೆ ಕೂತಿದ್ದಾರೆ. ಕರಿ ಕೋಟಿನವನೊಬ್ಬ ಬಂದು ಬಗ್ಗಿ ನಮಸ್ಕರಿಸಿ ಆಲಾಪ ಶುರುಮಾಡಿದ. ಅಬ್ಬಾ, ಏನು ಊದಿದ! ಮೇಲಿನ ಸ್ವರದಿಂದ ಒಂದೊಂದೇ ಮೆಟ್ಟಿಲು ಇಳಿದು ಬಂದು, ಕೆಳಗಿನದನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಂತ. ನನಗೆ ತಡೆಯಲಾಗಲಿಲ್ಲ. "ಭಲೇ ಮಗನೇ! ನಿನ್ನ ಬಾಯಿಗೆ ಸಕ್ಕರೆ ಹಾಕ!" ಎಂದುಬಿಟ್ಟೆ.

ಇಡೀ ಸಭೆ ತಿರುಗಿ ನೋಡಿತು. ಪಕ್ಕದ ಮುತ್ತಿನ ಸರದ ಹೆಂಗಸು, "ಶ್! ದಯವಿಟ್ಟು" ಎಂದಳು.

ಅಕ್ಕ ಬಿಡುತ್ತಾಳೆಯೇ? "ಅವನೇನು ಸತ್ತೋಗಿದ್ದಾನೇನಮ್ಮ, ಸುಮ್ನೆ ಕೂರೋಕೆ?" ಎಂದು ಜೋರಾಗಿ ಕೇಳಿದಳು. ಟಾರ್ಚ್ ಹಿಡಿದವನು ಬಂದು ನಮ್ಮ ಸಾಲಿನ ಕೊನೆಯಲ್ಲಿ ನಿಂತ. ಆಮೇಲೆ ಒಂದೂವರೆ ಗಂಟೆ ನಾನು ಬಾಯಿಗೆ ಟೋಪಿ ಒತ್ತಿಕೊಂಡು ಕೂತೆ. ಅಳುವೂ ಬಂತು. ಅಷ್ಟು ಚೆನ್ನಾಗಿತ್ತು.

ಆದರೆ ಇವನು ನಮ್ಮ ಮದುವೆಗೆ ಆಗುವುದಿಲ್ಲ. ಯಾರೂ ಭಲೇ ಎನ್ನದೆಯೂ ಊದಬಲ್ಲವನಿಗೆ ಎದುರಿಗೆ ಜನ ಇದ್ದರೇನು, ಗೋಡೆ ಇದ್ದರೇನು. ಜೆಮಾಲಿಗೆ ಒಂದು ಭಲೇ ಬಿದ್ದರೆ ಕಣ್ಣು ತೆರೆದು ಯಾರು ಅಂದದ್ದು ಎಂದು ಹುಡುಕುತ್ತಿದ್ದ. ಹೆಚ್ಚಾಗಿ ನಾನೇ ಆಗಿರುತ್ತಿದ್ದೆ.

ಮೇ 18, ಭಾನುವಾರ

ಸಿಕ್ಕಿದ! ಸಿಕ್ಕಿದ! ಸಾನಿಯೆಗೆ ಫೋನ್ ಮಾಡಿ ಕೂಗಿ ಹೇಳಿದೆ. "ಯಾರು, ಕಳ್ಳನಾ?" ಎಂದಳು.

ಅಕ್ಕ ಕಾಲುಚೀಲದ ಫ್ಯಾಕ್ಟರಿಯಲ್ಲಿ ಇದ್ದಾಗಿನ ಗೆಳತಿಯ ಮೊಮ್ಮಗನ ಮದುವೆ. ಕಾಸಿಂಪಾಶಾದ ಇಳಿಜಾರು ಬೀದಿಗೆ ಅಡ್ಡ ಕುರ್ಚಿ ಹಾಕಿ ಮಟಮಟ ಮಧ್ಯಾಹ್ನವೇ ಶುರು. ಕ್ಲಾರಿನೆಟ್ಟಿನವನ ಹೆಸರು ಎರ್ದಿಂಚ್. ಮೂವತ್ತೈದು ಇರಬಹುದು, ದಪ್ಪ ಕತ್ತು, ಗಲ್ಲದಲ್ಲಿ ಗುಳಿ. ಅವನು ಊದಿದರೆ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಯೂ ಭುಜ ಅಲ್ಲಾಡಿಸುತ್ತಿತ್ತು. ಅಕ್ಕ ಮಂಡಿ ನೋವು ಮರೆತು ಎದ್ದಳು. ನಾನೂ ಎದ್ದೆ. ಎರಡು ಗಂಟೆ ಕುಣಿದೆವು. ಅಪ್ಪ ಸತ್ತಮೇಲೆ ಅಕ್ಕನೂ ನಾನೂ ಒಟ್ಟಿಗೆ ಕುಣಿದದ್ದು ಇವತ್ತೇ ಇರಬೇಕು.

ಊಟದ ಹೊತ್ತಿಗೆ ಅವನ ಪಕ್ಕ ಕೂತು ಕೇಳಿದೆ, "ನಮ್ಮ ಕೇಶಾನಿನ ಒಂಬತ್ತೇಟಿಂದು ಬರುತ್ತೇನಪ್ಪ?"

"ಅಣ್ಣ, ಅದು ಬರದೋನು ಕ್ಲಾರಿನೆಟ್ ಮುಟ್ಟಬಾರದು" ಎಂದು ಕೈ ಒರೆಸಿಕೊಂಡು ಎದ್ದು ನಿಂತು ಊದಿದ. ಎರಡು, ಎರಡು, ಎರಡು, ಮೂರು. ನಾನು ಬೆರಳು ಮಡಚುತ್ತಾ ಕೂತೆ. ಹದಿನಾಲ್ಕು ಸುತ್ತು. ಒಂದು ಏಟೂ ತಪ್ಪಲಿಲ್ಲ, ಒಂದು ಸ್ವರವೂ ಜಾರಲಿಲ್ಲ. ಜೂನ್ ಎಂಟಕ್ಕೆ ಬರಲು ಒಪ್ಪಿದ. ಕೈ ಕೈ ಹಿಡಿದು ಮಾತು ಕೊಟ್ಟುಕೊಂಡೆವು. ಜೆಮಾಲಿ ಇದನ್ನು ಕೇಳಬೇಕಿತ್ತು.

ಮೇ 19, ಸೋಮವಾರ

ಬೆಲ್ಗಿನ್ ಫೋನ್ ಮಾಡಿದ್ದಳು.

"ಹೆಂಗ್ ಊದ್ತಾನಪ್ಪ?"

"ಒಂಬತ್ತಕ್ಕೆ ಒಂಬತ್ತೂ ಸರಿಯಾಗಿ ಬೀಳುತ್ತೆ ಕಣೇ."

"ಹೌದಾ. ಸರಿ ಬಿಡಪ್ಪ."

ಎಂಥ ಉತ್ತರ ಇದು, ಸರಿ ಬಿಡಪ್ಪ? ನಾನು ಇಲ್ಲಿ ಕಾಲು ಸವೆಸುತ್ತಿರುವುದು ಯಾರಿಗಾಗಿ?

ಎರ್ದಿಂಚ್ ಊದಿದ್ದನ್ನು ಇವತ್ತೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದೆ. ಎಲ್ಲೂ ತಪ್ಪಿಲ್ಲ. ತಪ್ಪು ಹಿಡಿಯಲು ಏನೂ ಇಲ್ಲದಿದ್ದರೆ ಮನಸ್ಸು ಎಲ್ಲಿ ಕೂರಬೇಕೋ ಗೊತ್ತಾಗುವುದಿಲ್ಲ. ಹೊಟ್ಟೆ ಕೆಟ್ಟಿರಬೇಕು. ಬೋರೆಕ್ ಹೆಚ್ಚಾಯಿತು.

ಮೇ 21, ಬುಧವಾರ

ಹೇಗೆ ಬರೆಯಲಿ ಇದನ್ನು. ಬರೆಯುತ್ತೇನೆ.

ಎರ್ದಿಂಚ್‌ನ ಕ್ಲಾರಿನೆಟ್ಟಿನ ಕೀಲಿಯೊಂದು ಸಡಿಲವಾಗಿತ್ತು. "ಬಾ ಅಣ್ಣ, ಗಲಾಟಾದ ಅಂಗಡಿ ತೋರಿಸ್ತೀನಿ" ಎಂದು ಕರೆದುಕೊಂಡು ಹೋದ. ಇಳಿಜಾರಿನಲ್ಲಿ ವಾದ್ಯದ ಅಂಗಡಿಗಳ ಸಾಲು, ಅದರ ಸಂದಿಯಲ್ಲಿ ಒಂದು ಗೂಡು. ಎಂಬತ್ತು ದಾಟಿದ ಆರ್ತಿನ್ ಉಸ್ತಾದ್ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ಗೋಡೆ ತುಂಬ ಬಿಚ್ಚಿಟ್ಟ ಕ್ಲಾರಿನೆಟ್ಟುಗಳು. ಹಿರಿಯರ ಮುಂದೆ ನಿಂತವನ ಹಾಗೆ ನಾನು ಟೋಪಿ ತೆಗೆದೆ. ಚಹಾ ತರಿಸಿದರು.

"ಯಾವೂರು ನಿಮ್ದು?"

"ಕೇಶಾನ್."

"ಓಹೋ! ನಿಮ್ಮ ಜೆಮಾಲಿಗೆ ಹಲ್ಲು ಕೂತ್ಕೊಂಡ್ವಾ?"

"ಯಾವ ಹಲ್ಲು?" ಎಂದೆ.

"ಗೊತ್ತಿಲ್ವಾ? ಫೆಬ್ರವರಿಲಿ ಮೇಲಿನ ಸಾಲು ಪೂರ್ತಿ ಕಿತ್ತಾಕಿದ್ರಲ್ಲ. ಮಾರ್ಚಲ್ಲಿ ಕಟ್ಟಿಸಿದ ಹಲ್ಲು ಹಾಕ್ಕೊಂಡು ಇಲ್ಲಿಗೆ ಬಂದ. ನೀವು ಕೂತಿದ್ದೀರಲ್ಲ, ಅದೇ ಸ್ಟೂಲಿನ ಮೇಲೆ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಕೂತಿದ್ದ. ಹದಿನೇಳು ಮೌತ್‌ಪೀಸ್ ಹಾಕಿ ನೋಡಿದ. ಒಂದೋ ಗಾಳಿ ಸೋರೋದು, ಇಲ್ಲ ಕಿರುಚೋದು. ಒಂದೇ ಒಂದು ಸ್ವರ ನೆಟ್ಟಗೆ ಬರಲಿಲ್ಲ. ಸಾಕು ಬಿಡು ಜೆಮಾಲಿ, ಐವತ್ತು ವರ್ಷ ಊದಿದ್ದೀಯ ಅಂದೆ. ಆಗಲ್ಲ ಉಸ್ತಾದ್, ಜೂನಲ್ಲಿ ನಮ್ಮ ಹುಡುಗಿ ಮದುವೆ ಇದೆ, ಒಂದೇ ಒಂದು ಕುಣಿತಕ್ಕಾಗೋಷ್ಟಾದ್ರೂ ಬರಬೇಕು ಅಂದ."

"ಜೆಮಾಲಿ ಉಸ್ತಾದ್‌ಗೆ ಹೆಣ್ಣು ಮಕ್ಕಳಿದ್ದಾರಾ?" ಎಂದು ಎರ್ದಿಂಚ್ ಕೇಳಿದ.

"ಮಕ್ಕಳೇ ಇಲ್ಲ. ಎದುರು ಮನೆ ಹುಡುಗಿಯಂತೆ. ಅವಳು ಹೆಜ್ಜೆ ಕಲಿತಿದ್ದೇ ಇವನ ಕ್ಲಾರಿನೆಟ್ಟಿಗಂತೆ. ಊದೋಕೆ ಕರೆದಿದ್ದಾರಾ ಅಂದೆ. ಕರೆಯಲ್ಲ ಅಂದ. ಮತ್ಯಾಕೋ ಮಾರಾಯ ಅಂದ್ರೆ, ಅಕಸ್ಮಾತ್ ಕರೆದ್ರೆ ಸಿದ್ಧವಾಗಿರಬೇಕಲ್ಲ ಅಂತಾನೆ."

ಚಹಾ ನನ್ನ ಪ್ಯಾಂಟಿನ ಮೇಲೆ ಚೆಲ್ಲಿತ್ತು. ಬಿಸಿಯಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಮಗು ಅತ್ತ ಹಾಗೆ ಅತ್ತೆ. ಕರವಸ್ತ್ರ ಹಿಡಿದದ್ದು ನನ್ನ ಮೈ ನಾರುತ್ತದೆಂದಲ್ಲ, ಬಾಯಿಯಲ್ಲಿ ತನ್ನ ಹಲ್ಲಿಲ್ಲ ಎಂದು! ಮೂರು ತಿಂಗಳು ಎದುರು ಮನೆಯಲ್ಲಿ ಅವನು ಕಿಟಕಿ ಮುಚ್ಚಿಕೊಂಡು ಒಂದು ಸ್ವರಕ್ಕಾಗಿ ಒದ್ದಾಡಿದ್ದಾನೆ, ನಾನು ಹಟ ಎಂದು ಬೈದುಕೊಂಡು ಕೂತಿದ್ದೆ. ಇಷ್ಟು ದೊಡ್ಡ ಕಿವಿ ಇಟ್ಟುಕೊಂಡು ಏನು ಬಂತು.

ಸಾನಿಯೆಗೆ ಫೋನ್ ಮಾಡಿದೆ. "ಜೆಮಾಲಿ ಹಲ್ಲಿನ ವಿಷಯ ನಿನಗೆ ಗೊತ್ತಿತ್ತಾ?"

"ಇಡೀ ಕೇಶಾನಿಗೆ ಗೊತ್ತು."

"ಯಾಕೆ ಹೇಳ್ಲಿಲ್ಲ?"

"ಈ ಮನೇಲಿ ಆ ಹೆಸರು ಎತ್ತಬೇಡಿ ಅಂತ ಹನ್ನೊಂದು ವರ್ಷದಿಂದ ಕೂಗಿಕೊಂಡಿದ್ದು ಯಾರು? ಹೆಸರು ಎತ್ತದೆ ಹಲ್ಲೊಂದನ್ನೇ ಹೆಂಗೆ ಹೇಳ್ಲಿ?"

ಎರ್ದಿಂಚ್ ನನ್ನ ಪಕ್ಕದಲ್ಲಿ ಬಂದು ಕೂತ. ಕೊಟ್ಟ ಮಾತು ಕೊಟ್ಟ ಮಾತೇ, ಅದನ್ನು ಹೇಗೆ ಹಿಂದೆ ತೆಗೆದುಕೊಳ್ಳುವುದು ಎಂದು ನಾನು ತಡವರಿಸುತ್ತಿದ್ದೆ. ಅವನೇ ಹೇಳಿದ, "ಅಣ್ಣ, ಅವರು ಊದೋದಾದ್ರೆ ನಾನು ಮದುವೆಗೆ ಬರೋದು ಕೇಳೋಕೆ. ಅವರ ಬಾಯಿ ಸೋತ ಮೇಲೆ ಮಿಕ್ಕಿದ್ದು ನಾನು ನೋಡ್ಕೋತೀನಿ." ಎಂಥ ಹುಡುಗ! ಅವನ ತಾಯಿ ಹೊಟ್ಟೆ ತಣ್ಣಗಿರಲಿ.

ಮೇ 22, ಗುರುವಾರ

ಬೆಳಿಗ್ಗೆಯಿಂದ ಫೋನ್ ಕೈಯಲ್ಲಿ ಹಿಡಿದು ಕೂತಿದ್ದೆ. ಅಕ್ಕ ಬೀನ್ಸ್ ಬಿಡಿಸುತ್ತಾ ನೋಡಿದಳು, ನೋಡಿದಳು.

"ಮಾಡೋ ಅವನಿಗೆ."

"ಪದ್ಧತಿ ಅಂತ ಒಂದು ಇದೆ ಅಕ್ಕ. ಚಿಕ್ಕೋನು ಮೊದಲು ಹೋಗಬೇಕು. ಯಾರು ಚಿಕ್ಕೋನು ಅಂತ..."

"ನೀನೇ ಚಿಕ್ಕೋನು."

"ಏನು?"

"ನೀನು ಹುಟ್ಟಿದ ಮಾರನೇ ದಿನ ಅವನಮ್ಮ ಅವನನ್ನ ಎತ್ಕೊಂಡು ನೋಡೋಕೆ ಬಂದಿದ್ರು. ಆಗ್ಲೇ ಅವನು ಕತ್ತು ನಿಲ್ಲಿಸ್ತಿದ್ದ. ನನ್ನ ಜಡೆ ಎಳೆದ. ನನಗೆ ಹನ್ನೊಂದು ವರ್ಷ ಆವಾಗ, ಚೆನ್ನಾಗಿ ನೆನಪಿದೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಕ್ಕ?"

"ನನ್ನನ್ನ ಯಾರು ಕೇಳಿದ್ರು?"

ಇಪ್ಪತ್ತೆರಡು ಹಬ್ಬ! ಗುಮಾಸ್ತನನ್ನು ನಂಬಿ ಕೂತೆವು, ಒಡಹುಟ್ಟಿದವಳನ್ನು ಕೇಳಲಿಲ್ಲ. ಮನೆಯಲ್ಲಿ ಕೂರಲಾಗದೆ ಎಮಿನೋನುವಿಗೆ ಹೋಗಿ ಕಾದಿಕೋಯ್ ದೋಣಿ ಹತ್ತಿದೆ. ಮೇಲಿನ ಅಂತಸ್ತಿನಲ್ಲಿ ಒಬ್ಬ ಕ್ಲಾರಿನೆಟ್ ಊದುತ್ತಿದ್ದ, ಜನ ಸಿಮಿತ್ ತಿನ್ನುತ್ತಾ ಕೇಳುತ್ತಿದ್ದರು. ಜೆಮಾಲಿ ಮನೆಯ ನಂಬರು ನನ್ನ ಬೆರಳಿಗೇ ಗೊತ್ತು. ಒತ್ತಿದೆ. ಎರಡು ಸಲ ರಿಂಗಾಯಿತು.

"ಯಾರು?"

ಹನ್ನೊಂದು ವರ್ಷದ ಮೇಲೆ ಆ ದನಿ. ಹಲ್ಲಿನ ಸಂದಿಯಲ್ಲಿ ಸ್ವಲ್ಪ ಗಾಳಿ ಹೋಗುತ್ತಿತ್ತು. ಹೆಸರು ಹೇಳುವ ಬದಲು ಫೋನನ್ನು ಆ ಊದುವವನ ಕಡೆಗೆ ಚಾಚಿ ಹಿಡಿದೆ. ಹಾಡು ಮುಗಿಯುವವರೆಗೂ ಹಾಗೇ ಹಿಡಿದಿದ್ದೆ. ಇಟ್ಟುಬಿಟ್ಟಿರುತ್ತಾನೆ ಎಂದುಕೊಂಡು ಕಿವಿಗೆ ಇಟ್ಟುಕೊಂಡರೆ ಉಸಿರಾಟ ಕೇಳಿಸುತ್ತಿತ್ತು.

"ಯಾವನೋ ಅವನು?" ಎಂದ. "ಸಾಲಿನ ಕೊನೇಲಿ ಉಸಿರು ಕದೀತಾನೆ."

"ಹೌದು ಕಣೋ. ನನಗೂ ಹಂಗೇ ಅನ್ನಿಸ್ತು."

"ಬಾಯಿಗಿಟ್ಟ ರೀಡಿನ ಪಟ್ಟೀನೂ ಒದ್ದೆಯಾಗಿದೆ."

"ಸಮುದ್ರದ ಗಾಳಿ."

ದೋಣಿಯ ಸೀಟಿ ಕೂಗಿತು.

"ಯಾವತ್ತು ಬರ್ತೀಯ?" ಎಂದ.

"ಶನಿವಾರ."

"ಬರೋವಾಗ ಆರ್ತಿನ್ ಹತ್ರ ರೀಡು ತಗೊಂಡು ಬಾ. ಒಂದೂವರೆ ನಂಬರು, ಮೆತ್ತಂದು."

"ನಿಂದು ಎರಡೂವರೆ ಅಲ್ವೇನೋ?"

"ಹಲ್ಲಿದ್ದಾಗ ಎರಡೂವರೆ" ಎಂದು ಫೋನ್ ಇಟ್ಟ.

ಆ ದೋಣಿಯವನನ್ನು ಹೋಗಿ ತಬ್ಬಿಕೊಂಡೆ. ಪಾಪ, ಅವನು ಹೆದರಿದ. ಎಷ್ಟು ಚೆನ್ನಾಗಿ ಊದಿದ್ದ.

ಮೇ 24, ಶನಿವಾರ. ಕೇಶಾನ್

ಬಸ್ಸಿಳಿದು ಚೀಲದ ಸಮೇತ ಎದುರು ಮನೆಗೇ ಹೋದೆ. ಬಾಗಿಲು ತೆಗೆದ. ಮುದುಕನಾಗಿದ್ದಾನೆ. ನಾನು ಅವನ ಕೈ ಹಿಡಿದು ಮುತ್ತಿಟ್ಟು ಹಣೆಗೆ ಒತ್ತಿಕೊಂಡೆ.

"ಏನೋ ಇದು?"

"ನೀನು ದೊಡ್ಡೋನಂತೆ. ಮುರ್ವೆತ್ ಅಕ್ಕ ಹೇಳಿದ್ಲು. ಮೂರು ತಿಂಗಳಾದ್ರೂ ದೊಡ್ಡೋನು."

"ಅಂದ್ರೆ ಇಷ್ಟು ವರ್ಷವೂ ನೀನೇ ಬರಬೇಕಿತ್ತು."

"ಹೂಂ."

"ನನಗೆ ಗೊತ್ತಿತ್ತು" ಎಂದ, ಸುಳ್ಳ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಅವನದು.

ಆಮೇಲೆ ಕೂತು ಊದಿದ. ಒಂದೂವರೆ ನಂಬರಿನ ರೀಡು ಹಾಕಿಯೂ ಗಾಳಿ ಸೋರಿತು. ಕಟ್ಟಿಸಿದ ಹಲ್ಲು ಕ್ಲಾರಿನೆಟ್ಟಿನ ಮೇಲೆ ನಿಲ್ಲದೆ ಜಾರುತ್ತದೆ ಎಂದು ಮೇಲ್ತುಟಿಯನ್ನು ಹಲ್ಲಿನ ಒಳಕ್ಕೆ ಮಡಚಿಕೊಂಡು ಕಚ್ಚುತ್ತಾನೆ. ಹಾಗೆ ಮಡಚಿದಾಗ ಕಿರುಚುತ್ತದೆ. ಯಾಕೆ ಎಂದು ಅವನಿಗೂ ಗೊತ್ತಿಲ್ಲ, ಆರ್ತಿನ್ ಉಸ್ತಾದರಿಗೂ ಗೊತ್ತಾಗಿಲ್ಲ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ನಲವತ್ತು ವರ್ಷ ಊರಿನವರ ಬಾಯಿಯ ಸುತ್ತಲೇ ಕೈಯಾಡಿಸಿದವನು ನಾನು.

"ಮೀಸೆ" ಎಂದೆ.

"ಮೀಸೆಗೇನಾಯ್ತು?"

"ತುಟಿ ಮಡಚಿದ್ರೆ ಮೀಸೆ ಕೂದಲೂ ಒಳಗೆ ಹೋಗುತ್ತೆ. ಅದರ ಸಂದೀಲಿ ಗಾಳಿ ಹೋಗ್ತಿದೆ. ತೆಗೀಬೇಕು."

"ನಿನ್ನ ತಲೆ! ಹದಿನೆಂಟು ವರ್ಷಕ್ಕೆ ಬಿಟ್ಟ ಮೀಸೆ ಕಣೋ. ಇದಿಲ್ಲದೆ ಕೇರೀಲಿ ಹೆಂಗೆ ಓಡಾಡ್ಲಿ? ನನ್ನ ಹೆಂಡ್ತಿಗೇ ಗುರುತು ಸಿಗಲ್ಲ."

"ಸರಿ ಬಿಡು. ಎರ್ದಿಂಚ್ ಊದ್ತಾನೆ. ಮೀಸೆ ಇಟ್ಕೊಂಡು ಕೂತು ಕೇಳು."

ಬೈದ. ಅಪ್ಪನಿಂದ ಶುರುಮಾಡಿ ಮುತ್ತಜ್ಜನವರೆಗೆ ಬೈದ. ಬೈದು ಮುಗಿಸಿ ಎದ್ದು ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡ. ನಾನು ಕತ್ತಿಯನ್ನು ಬೇಕಾದ್ದಕ್ಕಿಂತ ಎರಡು ಪಟ್ಟು ಹೊತ್ತು ಮಸೆದೆ. ಮೀಸೆ ಹೋದ ಮೇಲೆ ಅವನ ಮೇಲ್ತುಟಿ ನೋಡಿದರೆ ಹಾಲುಗಲ್ಲದ ಹುಡುಗ. ಕನ್ನಡಿ ನೋಡಿಕೊಂಡು, "ಹಾಳು ಮಾಡ್ದೆ" ಎಂದ. ಕ್ಲಾರಿನೆಟ್ ಬಾಯಿಗಿಟ್ಟ. ಒಂದು ಸ್ವರ ಬಂತು. ಉದ್ದಕ್ಕೆ, ನೆಟ್ಟಗೆ, ಬೆಣ್ಣೆಯಲ್ಲಿ ಎಳೆದ ಹಾಗೆ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ನಾನು ನೆಲದ ಕೂದಲು ಗುಡಿಸಿದೆ.

ಮೇ 30, ಶುಕ್ರವಾರ

ಇವತ್ತು ನಾಲ್ಕು ನಿಮಿಷ ಊದಿದ. ನಾಲ್ಕರ ಮೇಲೆ ತುಟಿಯಲ್ಲಿ ರಕ್ತ. ಕುಣಿತಕ್ಕೆ ಆರು ಬೇಕು.

ಜೂನ್ 5, ಗುರುವಾರ

ಐದೂವರೆ!! ಬೆಲ್ಗಿನ್ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದಳು. ಮದುವೆಯ ಉಡುಗೆ ಇನ್ನೂ ಹೊಲಿದು ಬಂದಿಲ್ಲ, ಯಾರಿಗೂ ಅದರ ಚಿಂತೆಯಿಲ್ಲ.

ಜೂನ್ 9, ಸೋಮವಾರ

ಬೆಳಿಗ್ಗೆ ಹತ್ತು ಗಂಟೆ. ಮನೆ ತುಂಬ ತಟ್ಟೆ, ಕುರ್ಚಿ, ನಿದ್ದೆ ಹೊಡೆಯುವ ನೆಂಟರು. ಬೆಲ್ಗಿನ್ ಗಂಡನ ಮನೆಗೆ ಹೋದಳು. ಕೋಣೆಯ ಬಾಗಿಲು ತೆರೆದೇ ಇದೆ, ಆ ಕಡೆ ನೋಡುತ್ತಿಲ್ಲ.

ನಿನ್ನೆ ಮಧ್ಯಾಹ್ನ ಕೇರಿಯ ಬಯಲಿನಲ್ಲಿ ಐನೂರು ಜನ ಸೇರಿದ್ದರು. ಮೀಸೆಯಿಲ್ಲದ ಜೆಮಾಲಿಯನ್ನು ನೋಡಿ ಮೊದಲು ಎಲ್ಲರೂ ನಕ್ಕರು. ಅವನು ಎದ್ದು ನಿಂತ ಮೇಲೆ ಸುಮ್ಮನಾದರು. ಎರ್ದಿಂಚ್ ಕ್ಲಾರಿನೆಟ್ಟನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಅವನ ಕಾಲ ಬಳಿ ಕೂತ. ಬೆಲ್ಗಿನ್ ನನ್ನ ಎದುರು ನಿಂತು ಎರಡೂ ಕೈ ಚಾಚಿದಳು. ಜೆಮಾಲಿ ಊದಲು ಶುರುಮಾಡಿದ.

ಏನು ಬರೆಯಲಿ? ಆರು ನಿಮಿಷ. ಅಷ್ಟೂ ಹೊತ್ತು ಊದಿದ. ನಾನೂ ಮಗಳೂ ಕುಣಿದೆವು.

ಈಗ ತಾನೇ ಅಕ್ಕ ಚಹಾ ಕುಡಿಯುತ್ತಾ ಹೇಳುತ್ತಿದ್ದಳು. ಮೂರನೇ ಸುತ್ತಿನಲ್ಲಿ ಕ್ಲಾರಿನೆಟ್ ಕೀಚ್ ಎಂದು ಕಿರುಚಿತಂತೆ. ನಾಲ್ಕನೇದರಲ್ಲೂ ಆರನೇದರಲ್ಲೂ ಕೊನೆಯ ಏಟೇ ಬಿಟ್ಟುಹೋಯಿತಂತೆ. ಐನೂರು ಜನವೂ ಎಲ್ಲಿ ಎತ್ತುತ್ತೇನೋ ಎಂದು ನನ್ನ ಕೈಯನ್ನೇ ನೋಡುತ್ತಿದ್ದರಂತೆ. ಜೆಮಾಲಿಯೂ ಊದುತ್ತಲೇ ಒಂದು ಕಣ್ಣು ತೆರೆದು ನೋಡಿದನಂತೆ.

"ನಿಜ ಹೇಳು, ಕೇಳಿಸ್ಲಿಲ್ವಾ ನಿನಗೆ?"

"ಇಲ್ಲ ಕಣಕ್ಕ."

"ಆ ಕೀಚು ಮಾಲ್ಕಾರಾದವರೆಗೂ ಕೇಳಿಸಿರುತ್ತೆ ಕಣೋ!"

ದೇವರಾಣೆಗೂ ನನಗೆ ಕೇಳಿಸಲಿಲ್ಲ. ಬೆಲ್ಗಿನ್ ನಗುತ್ತಿದ್ದಳು, ನನ್ನ ಕಾಲನ್ನು ಎರಡು ಸಲ ತುಳಿದಳು, ಜೆಮಾಲಿ ಊದುತ್ತಿದ್ದ. ಎಲ್ಲವೂ ಸರಿಯಾಗಿಯೇ ಇತ್ತು. ವಯಸ್ಸಾಯಿತು, ಕಿವಿ ಡಾಕ್ಟರಿಗೆ ತೋರಿಸು ಎಂದಿದ್ದಾಳೆ ಅಕ್ಕ. ಈ ವಾರ ಬಿಡುವು ಮಾಡಿಕೊಂಡು ಹೋಗಿ ಬರಬೇಕು.